ಬಹರೈನಿನಿಂದ ಅಕ್ಕನನ್ನು ಕರೆತಂದದ್ದು

ಉಡುಪಿಯಿಂದ ಬೊಂಬಾಯಿಗೆ ಹೊರಟ ಬಸ್ಸಿನಲ್ಲಿ ನನಗೆ ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಸೀಟು. ಮಾರನೆಯ ದಿನ ದಾದರಿನಲ್ಲಿ ಇಳಿಯುವ ಹೊತ್ತಿಗೆ ಸೊಂಟ ಇದೆಯೋ ಬಿದ್ದುಹೋಯಿತೋ ಎಂದು ಮುಟ್ಟಿ ನೋಡಿಕೊಳ್ಳುವ ಹಾಗಾಗಿತ್ತು. ಜೀವಮಾನವಿಡೀ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ, ಮದುವೆ ಮಕ್ಕಳೆಂಬ ರಗಳೆಯಿಲ್ಲದ ನಾನು ಅರವತ್ತನೆಯ ವಯಸ್ಸಿಗೆ ಪಾಸ್‌ಪೋರ್ಟ್ ಮಾಡಿಸಿ ಅರಬ್ಬರ ದೇಶಕ್ಕೆ ಹೊರಟದ್ದು ಊರು ನೋಡುವ ಚಪಲದಿಂದಲ್ಲ. ನನ್ನ ಅಕ್ಕ ಗಿರಿಜೆಯನ್ನು ಕರೆದುಕೊಂಡು ಬರಲಿಕ್ಕೆ.

ಅಕ್ಕನಿಗೆ ಎಪ್ಪತ್ತು ದಾಟಿತ್ತು. ಮದುವೆಯಾದ ವರ್ಷವೇ ಹಡಗು ಹತ್ತಿದವಳು ಬದುಕನ್ನೆಲ್ಲ ಬಹರೈನಿನಲ್ಲೇ ಕಳೆದಿದ್ದಳು. ಈಗ ಅವಳ ಮಗ ದಿನೇಶನಿಗೆ ದುಬೈಯಲ್ಲಿ ಹೊಸ ಕೆಲಸ ಸಿಕ್ಕಿತ್ತು. ಹೆಂಡತಿ ಮಗಳನ್ನು ಕರೆದುಕೊಂಡು ಹೋಗಬಹುದು, ತಾಯಿಗೆ ಅಲ್ಲಿ ವೀಸಾ ಆಗುವುದಿಲ್ಲ. ಬಹರೈನಿನ ವೀಸಾ ಅವನ ಹಳೆಯ ಕೆಲಸದ ಜೊತೆಗೇ ಮುಗಿಯುತ್ತದೆ. ಹಾಗಾಗಿ ಅಕ್ಕ ಬಂದು ನನ್ನ ಮನೆಯಲ್ಲಿರುವುದೆಂದು ತೀರ್ಮಾನವಾಯಿತು. ತೀರ್ಮಾನ ನಮ್ಮದು, ಅವಳು ಮಾತ್ರ ಎರಡು ಸಲ ಟಿಕೆಟ್ ಮುಂದೆ ಹಾಕಿಸಿದ್ದಳು. ಒಮ್ಮೆ ಯಾರಿಗೋ ಆಪರೇಷನ್ ಅಂತೆ, ಇನ್ನೊಮ್ಮೆ ಯಾರದೋ ಮಗುವಿನ ನಾಮಕರಣವಂತೆ. ಕೊನೆಗೆ ದಿನೇಶ ಫೋನಿನಲ್ಲಿ, “ಚಿಕ್ಕಮ್ಮ, ನೀವೇ ಬಂದು ಎಳ್ಕೊಂಡು ಹೋಗ್ಬೇಕು. ನನ್ನ ಮಾತನ್ನು ಅಮ್ಮ ಕಿವಿಗೇ ಹಾಕಿಕೊಳ್ಳುದಿಲ್ಲ” ಎಂದ. ಅವಳ ಕಣ್ಣಿಗೆ ಪೊರೆ ಬೇರೆ ಬಂದಿತ್ತು. ಬೊಂಬಾಯಿಯಲ್ಲಿ ವಿಮಾನ ಬದಲಿಸಿ ಒಬ್ಬಳೇ ಬರುವಂತಿರಲಿಲ್ಲ.

ವಿಮಾನದ ತುಂಬ ಗಲ್ಫಿಗೆ ಮರಳುವ ಗಂಡಸರು. ಪಕ್ಕದಲ್ಲಿ ಕೂತವರು ಭಟ್ಕಳದ ಕಡೆಯವರು, ಮನಾಮಾದಲ್ಲಿ ಬಟ್ಟೆ ಅಂಗಡಿ. ನಾನು ಯಾರ ಮನೆಗೆ ಹೋಗುವುದೆಂದು ಕೇಳಿದರು, ಹೇಳಿದೆ. “ಗಿರಿಜಕ್ಕನ ತಂಗಿಯಾ ನೀವು? ನನ್ನ ಹೆಂಡತಿಯ ಎರಡು ಬಾಣಂತನವೂ ಅವರದ್ದೇ ಕೈಯಲ್ಲಿ” ಎಂದವರೇ ತಮ್ಮ ಊಟದ ತಟ್ಟೆಯ ಸಿಹಿಯನ್ನು ನನ್ನ ತಟ್ಟೆಗೆ ಹಾಕಿದರು. ಊರಿನಲ್ಲಿ ನನ್ನನ್ನು ಎಲ್ಲರೂ ಟೀಚರೆಂದು ಗುರುತಿಸುತ್ತಾರೆ. ಇಲ್ಲಿ ನೆಲ ಮುಟ್ಟುವ ಮೊದಲೇ ನಾನು ಗಿರಿಜಕ್ಕನ ತಂಗಿಯಾಗಿಬಿಟ್ಟೆ.

ಆಗಸ್ಟ್ ಕೊನೆ. ವಿಮಾನ ನಿಲ್ದಾಣದ ಬಾಗಿಲು ದಾಟಿದ್ದೇ ತಡ, ಕನ್ನಡಕದ ತುಂಬ ಹಬೆ ಕವಿದು ಕಣ್ಣು ಕಾಣದಾಯಿತು. ಸೀರೆ ಮೈಗೆ ಅಂಟಿಕೊಂಡಿತು. ಎಂಥ ಸೆಕೆ, ರಾಮ ರಾಮ! ದಿನೇಶ ಕಾರಿನಲ್ಲಿ ಕೂರಿಸಿಕೊಂಡು ಸಮುದ್ರದ ಮೇಲಿನ ರಸ್ತೆ ದಾಟಿಸಿ ಜಿಂಜ್‌ನ ಫ್ಲಾಟಿಗೆ ಕರೆತಂದ. ಬಾಗಿಲು ತೆರೆದದ್ದು ಅವನ ಹೆಂಡತಿ ರೇಖಾ. ಅಕ್ಕ ಮನೆಯಲ್ಲಿರಲಿಲ್ಲ.

“ಅತ್ತೆ ಬುಸೈತೀನಿಗೆ ಹೋಗಿದ್ದಾರೆ, ಪ್ರತಿಮಾನ ಮನೆಗೆ. ಈಗ ಬರ್ತಾರೆ” ಎಂದಳು ರೇಖಾ.

“ಯಾರದು ಪ್ರತಿಮಾ?”

“ಒಬ್ಬಳು ಬಸುರಿ ಚಿಕ್ಕಮ್ಮ. ಅತ್ತೆಗೆ ಯಾವಾಗ್ಲೂ ಒಬ್ಬಳು ಬಸುರಿ ಇರ್ತಾಳೆ.”

ಬಸ್ಸು, ವಿಮಾನ, ಕಾರು ಎಂದು ಬಂದು ಬಿದ್ದ ತಂಗಿಯನ್ನು ಬಾಗಿಲಲ್ಲಿ ಎದುರುಗೊಳ್ಳಲಿಕ್ಕೂ ಈ ಹೆಂಗಸಿಗೆ ಪುರುಸೊತ್ತಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು. ಸ್ನಾನಕ್ಕೆ ಹೋದೆ. ಅಲ್ಲಿಯ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲಿ ಬರುವುದು ಮಾಳಿಗೆಯ ಟ್ಯಾಂಕಿನಲ್ಲಿ ಕಾದ ನೀರು. ಗೀಸರ್ ಆರಿಸಿಟ್ಟು, ಅದರಲ್ಲಿ ನಿಂತು ಆರಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ತೆಗೆದು ಸ್ನಾನ ಮಾಡುತ್ತಾರೆ. ರೇಖಾ ಅದನ್ನು ಎರಡೆರಡು ಸಲ ಹೇಳಿದ್ದಳು. ಸಿಟ್ಟಿನಲ್ಲಿ ಮರೆತು ತಣ್ಣೀರಿನದ್ದನ್ನೇ ತಿರುಗಿಸಿ ಕಾಲು ಸುಟ್ಟುಕೊಂಡೆ. ಕಿರುಚಿದ್ದು ಕೇಳಿ ಓಡಿ ಬಂದ ಹೆಜ್ಜೆ ಸಪ್ಪಳ ಅಕ್ಕನದು.

“ಬಂದದ್ದಾ ವಸಂತಿ? ಬಂದ ಕೂಡ್ಲೇ ಎಂತ ಮಾಡಿಕೊಂಡೆ?” ಎಂದು ಬಾಗಿಲಾಚೆಯಿಂದ ನಗುತ್ತ ಕೇಳಿದಳು.

ಊಟಕ್ಕೆ ಅನ್ನ, ಅಂಜಲ್ ಮೀನಿನ ಹುಳಿ, ಜೊತೆಗೆ ಬೀದಿಯ ಬೇಕರಿಯಿಂದ ತಂದ ಬಿಸಿ ಬಿಸಿ ಖುಬ್ಸ್, ಅಂದರೆ ಅಲ್ಲಿಯ ದೊಡ್ಡ ರೊಟ್ಟಿ. ಅಕ್ಕ ಅದನ್ನು ಮೀನಿನ ಹುಳಿಯಲ್ಲಿ ಅದ್ದಿ ತಿನ್ನುತ್ತಿದ್ದಳು. ಕಣ್ಣು ನಿಜವಾಗಿ ಹಾಳಾಗಿತ್ತು. ಮುಳ್ಳನ್ನು ಬೆರಳಿನಿಂದ ಹುಡುಕಿ ಹುಡುಕಿ ತೆಗೆಯುತ್ತಿದ್ದಳು. ಕೈ ತೊಳೆದು ಬಂದವಳು ನಾನು ಹೆದರಿಕೊಂಡಿದ್ದ ಮಾತನ್ನೇ ಎತ್ತಿದಳು. “ಟಿಕೆಟ್ ಎರಡು ತಿಂಗಳು ಮುಂದೆ ಹಾಕುವಾ ಅಂತ. ಪ್ರತಿಮಾನದ್ದು ಮುಗಿಸಿ ಬಂದರೆ ನನಗೂ ಸಮಾಧಾನ.”

“ಅಮ್ಮ, ವೀಸಾ ಇರುದೇ ಬರುವ ಬುಧವಾರದವರೆಗೆ” ಎಂದ ದಿನೇಶ. ಎಷ್ಟನೆಯ ಸಲವೋ, ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳ ಜೊತೆ ನಾನೂ ಬುಸೈತೀನಿಗೆ ಹೋದೆ. ಟ್ಯಾಕ್ಸಿಯವನು ಎರಡು ದಿನಾರ್ ಕೇಳಿದ. ಒಂದು ದಿನಾರಿಗೆ ಆಗ ತೊಂಬತ್ತರ ಆಸುಪಾಸು ರೂಪಾಯಿ. ನಾನು ಮನಸ್ಸಿನಲ್ಲೇ ಗುಣಿಸಿ ನೋಡಿದೆ. ಅಕ್ಕ ಅರಬ್ಬಿಯಲ್ಲಿ ಅವನ ತಾಯಿಯ ಆರೋಗ್ಯ ವಿಚಾರಿಸುತ್ತ ಮುಂದೆ ಕೂತಳು. ಇಳಿಯುವಾಗ ಅವನು ಒಂದೇ ದಿನಾರ್ ತೆಗೆದುಕೊಂಡ.

ದಾರಿಯಲ್ಲಿ ಮುಹರ್ರಕ್‌ನ ಹಳೆಯ ಓಣಿಯೊಂದರ ಕಡೆ ಕೈ ತೋರಿಸಿ, “ದಿನೇಶ ಹುಟ್ಟುವಾಗ ನಾವು ಇಲ್ಲಿಯೇ ಇದ್ದದ್ದು” ಎಂದಳು. ಆ ವರ್ಷ ನಮ್ಮ ಅಪ್ಪ ಹಾಸಿಗೆ ಹಿಡಿದಿದ್ದರು, ಅಮ್ಮ ಅಕ್ಕನ ಬಳಿಗೆ ಹೋಗುವಂತಿರಲಿಲ್ಲ. ಭಾವ ಬೆಳಿಗ್ಗೆ ಬಂದರಿನ ಆಫೀಸಿಗೆ ಹೋದರೆ ಸಂಜೆಯೇ ಮನೆಗೆ. ಪಕ್ಕದ ಮನೆಯ ಉಮ್ಮು ಖಲೀಲ್ ಎಂಬ ಮುದುಕಿ, ನಮ್ಮ ಭಾಷೆ ಒಂದಕ್ಷರವೂ ಬಾರದವಳು, ದಿನಾ ಬಂದು ಕೂಸಿಗೆ ಎಣ್ಣೆ ಹಚ್ಚಿ, ಬಾಣಂತಿಯ ಬೆನ್ನಿಗೆ ಬಿಸಿನೀರು ಹೊಯ್ದು, ಖರ್ಜೂರ ತಿನ್ನಿಸಿ ಹೋಗುತ್ತಿದ್ದಳಂತೆ. “ನಾನು ಯಾರು ಎಂತ ಅಂತ ಅವಳು ಕೇಳ್ಲಿಲ್ಲ ವಸಂತಿ. ಮತ್ತೆ ನಾನು ಹೇಗೆ ಕೇಳುದು?” ಎಂದಳು ಅಕ್ಕ.

ಭಾವ ತೀರಿಕೊಂಡಾಗ ದಿನೇಶ ಇನ್ನೂ ಶಾಲೆಗೆ ಹೋಗುವ ಹುಡುಗ. ಊರಿಗೆ ಬಾ ಎಂದು ನಾವೆಲ್ಲ ಬರೆದೆವು. ಅವಳು ಬರಲಿಲ್ಲ. ಬೆಳಿಗ್ಗೆ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಂಡು, ಮಧ್ಯಾಹ್ನ ಹೊಲಿಗೆ ಹೊಲಿದು ಮಗನನ್ನು ಓದಿಸಿದಳು. ಅವನಿಗೆ ಉಬ್ಬಸ. ಧೂಳಿನ ಗಾಳಿ ಎದ್ದ ದಿನ ಒದ್ದೆ ಬಟ್ಟೆಯನ್ನು ಕಿಟಕಿಗೆಲ್ಲ ಕಟ್ಟಿ, ಅವನನ್ನು ಎದೆಗೆ ಒರಗಿಸಿಕೊಂಡು ಕೂರುತ್ತಿದ್ದಳು. ಅದರ ನಡುವೆಯೇ ಊರ ಉಸಾಬರಿಯೆಲ್ಲ ಇವಳದ್ದು. ಆಸ್ಪತ್ರೆಯಲ್ಲಿ ಒಬ್ಬನೇ ಮಲಗಿದ ಕೂಲಿಯವನಿಗೆ ಗಂಜಿ, ಶುಕ್ರವಾರ ಮಕ್ಕಳಿಗೆ ಕನ್ನಡ ಅಕ್ಷರ, ಮನೆಗೆಲಸಕ್ಕೆ ಬಂದು ಸಂಕಟಕ್ಕೆ ಸಿಕ್ಕ ಹೆಣ್ಣುಮಕ್ಕಳಿಗೆ ನಾಲ್ಕು ದಿನದ ಆಸರೆ. ಎಲ್ಲಕ್ಕಿಂತ ಹೆಚ್ಚಾಗಿ ಬಾಣಂತನ. ನಾನಾದರೆ ಶಾಲೆಯ ಗಂಟೆ ಹೊಡೆದ ಮೇಲೆ ಯಾರ ಮಕ್ಕಳನ್ನೂ ಮಾತನಾಡಿಸಿದವಳಲ್ಲ.

ಪ್ರತಿಮಾ ಇಪ್ಪತ್ತನಾಲ್ಕರ ಹುಡುಗಿ, ತೆಳ್ಳಗೆ ಬೆಳ್ಳಗೆ, ಏಳನೆಯ ತಿಂಗಳ ಹೊಟ್ಟೆ. ಗಂಡ ಹರೀಶ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಾನೆ. ಬೇರೆ ಬೇರೆ ಜಾತಿ. ಇಬ್ಬರ ಮನೆಯವರೂ ಬಾಗಿಲು ಹಾಕಿದ್ದರು. ಸುರತ್ಕಲ್‌ನಲ್ಲಿದ್ದ ಅವಳ ತಾಯಿ, ವಿಧವೆ, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದುಬಿಟ್ಟಿದ್ದರಂತೆ. ಅಕ್ಕ ಹೋಗುತ್ತಲೇ ಅವಳ ಪಾದ ಒತ್ತಿ ನೋಡಿದಳು, ನಾಲಗೆ ನೋಡಿದಳು, “ರಾತ್ರಿ ಎಂತ ತಿಂದದ್ದು? ಸುಳ್ಳು ಹೇಳ್ಬೇಡ” ಎಂದು ಗದರಿಸಿದಳು.

“ಬ್ರೆಡ್ಡು, ಅಮ್ಮ. ಅನ್ನ ಸೇರ್ಲಿಲ್ಲ” ಎಂದ ಹುಡುಗಿ ನನ್ನ ಕಡೆ ತಿರುಗಿ, ಅಳು ತಡೆದುಕೊಂಡು, “ಟೀಚರ್, ನೀವು ಅಮ್ಮನನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದಲ್ವಾ?” ಎಂದು ಕೇಳಿದಳು.

ಹೊರಗಿನ ಬಿಸಿಲಿಗಿಂತ ಆ ಪ್ರಶ್ನೆಯೇ ನನ್ನನ್ನು ಹೆಚ್ಚು ದಣಿಸಿತು.

ಶುಕ್ರವಾರ ಜುಫೈರಿನ ಹೋಟೆಲೊಂದರ ಹಾಲಿನಲ್ಲಿ ನಮ್ಮೂರ ಕಡೆಯವರೆಲ್ಲ ಸೇರಿದರು. ಅಕ್ಕನಿಗೆ ಬೀಳ್ಕೊಡುಗೆ, ಪ್ರತಿಮಾಗೆ ಬಯಕೆ ಊಟ, ಎರಡೂ ಒಂದೇ ಬಾಡಿಗೆಯಲ್ಲಿ. ಗಲ್ಫಿನ ನಮ್ಮವರ ಜಾಣತನವೇ ಹಾಗೆ. ಮೊದಲು ಶಾಲು, ಹಣ್ಣಿನ ಬುಟ್ಟಿ, ಭಾಷಣ. ನಿವೃತ್ತಿಯ ದಿನ ನನಗೂ ಇಂಥದ್ದೇ ಶಾಲು ಹೊದಿಸಿದ್ದರು. ಆಮೇಲೆ ಯಾರೂ ಮನೆಯ ಕಡೆ ತಲೆ ಹಾಕಿರಲಿಲ್ಲ. ಇಲ್ಲಿ ಒಬ್ಬೊಬ್ಬರಾಗಿ ವೇದಿಕೆಗೆ ಬಂದು, “ನನಗೆ ಇವರು ಸ್ನಾನ ಮಾಡಿಸಿದ್ದು” ಎಂದರು. ಕೂಸಾಗಿದ್ದಾಗ ಅವಳ ಕೈಯಲ್ಲಿ ಮಿಂದು ಈಗ ಮೀಸೆ ಹೊತ್ತ ಗಂಡಸರೂ ನಾಚದೆ ಹೇಳಿದರು. ಅಕ್ಕ ಮಾತ್ರ ಕೂತಲ್ಲಿಂದಲೇ, “ಪಾಯಸ ತಳ ಹಿಡೀತದೆ, ಯಾರಾದ್ರೂ ನೋಡಿ ಮಾರಾಯ್ರೆ” ಎಂದು ಕೂಗುತ್ತಿದ್ದಳು.

ಆಮೇಲೆ ಪ್ರತಿಮಾಳನ್ನು ಕೂರಿಸಿ, ಜಡೆಗೆ ಹೂ ಮುಡಿಸಿ, ಕೈತುಂಬ ಹಸಿರು ಬಳೆ ತೊಡಿಸಿ ಬಗೆಬಗೆಯ ಸಿಹಿ ಬಡಿಸಿದರು. ನಮ್ಮಲ್ಲಿ ಬಯಕೆ ಊಟವಾದ ಮೇಲೆ ಹುಡುಗಿಯನ್ನು ತವರಿಗೆ ಕಳಿಸುವುದು ಪದ್ಧತಿಯಷ್ಟೆ. ಊರಿಗೆ ಹೋಗಲಾಗದವರಿಗಾಗಿ ಬಹರೈನಿನವರು ಒಂದು ಉಪಾಯ ಮಾಡಿಕೊಂಡಿದ್ದರು. ಜಿಂಜ್‌ನ ಗಿರಿಜಕ್ಕನ ಫ್ಲಾಟೇ ಎಲ್ಲರ ತವರು. ಬಸುರಿಯನ್ನು ಕಾರಿನಲ್ಲಿ ಅಲ್ಲಿಗೆ ಕರೆದೊಯ್ದು, ಶಾಸ್ತ್ರಕ್ಕೆಂದು ಒಂದು ರಾತ್ರಿ ಉಳಿಸಿ, ಮಾರನೆಯ ದಿನ ಗಂಡನ ಮನೆಗೆ ಬಿಟ್ಟು ಬರುವುದು. ಎಷ್ಟೋ ವರ್ಷಗಳ ರೂಢಿ. ಹಾಗಾಗಿ ಆ ದಿನವೂ ಊಟ ಮುಗಿಯುತ್ತಲೇ ಹೆಂಗಸರು ಪ್ರತಿಮಾಳನ್ನು ಕಾರಿಗೆ ಹತ್ತಿಸಿದರು, ಹಿಂದೆ ಇನ್ನೂ ನಾಲ್ಕಾರು ಕಾರು ಹೊರಟವು. ಈಗಷ್ಟೇ ಶಾಲು ಹೊದಿಸಿ ಕಳಿಸಿಕೊಟ್ಟವಳ ಮನೆಯಲ್ಲಿ ತವರು ಎಲ್ಲಿ ಉಳಿದಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಅಕ್ಕನಿಗೂ ಹೊಳೆಯಲಿಲ್ಲ. ನನಗೂ ಇಲ್ಲ.

ಬಾಗಿಲು ತೆರೆದರೆ ಖಾಲಿ ಗೋಡೆ. ಮಂಚಗಳನ್ನು ಯಾರೋ ಬೆಳಿಗ್ಗೆಯೇ ಹೊತ್ತೊಯ್ದಿದ್ದರು. ಉಳಿದದ್ದು ರಟ್ಟಿನ ಪೆಟ್ಟಿಗೆಗಳು, ಸುತ್ತಿಟ್ಟ ಹಾಸಿಗೆ. ಹೂ ಮುಡಿದ ಬಸುರಿಯನ್ನು ಕೂರಿಸಲು ಒಂದು ಕುರ್ಚಿಯೂ ಇರಲಿಲ್ಲ. ಅವಳು ಸೂಟ್‌ಕೇಸಿನ ಮೇಲೆ ಕೂತಳು. ದಿನೇಶನ ಪುಟ್ಟ ಮಗಳು, “ಅಜ್ಜಿ, ವೇರ್ ವಿಲ್ ಶೀ ಸ್ಲೀಪ್?” ಎಂದಳು. ಹಿಂದೆ ಬಂದ ಹೆಂಗಸರು ಸಿಹಿಯ ಡಬ್ಬಗಳನ್ನು ಕೈಯಲ್ಲಿ ಹಿಡಿದು ಮುಖ ಮುಖ ನೋಡಿಕೊಂಡು, ಒಬ್ಬೊಬ್ಬರೇ ಜಾರಿಕೊಂಡರು. ಪ್ರತಿಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು.

ಅಕ್ಕ ನೆಲದ ಮೇಲೆ ಹಾಸಿಗೆ ಬಿಡಿಸಿ ಕೂತು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ನನ್ನ ಕಡೆ ನೋಡಿದಳು.

“ತವರು ಎಲ್ಲಿಗೆ ಹೋಗ್ತದೋ ಹುಡುಗಿಯೂ ಅಲ್ಲಿಗೇ ಹೋಗುದು. ಇವಳು ನಮ್ಮ ಜೊತೆ ಬರ್ಲಿ. ಡಾಕ್ಟರು ಚೀಟಿ ಕೊಟ್ಟರೆ ಏಳನೆಯ ತಿಂಗಳಲ್ಲಿ ವಿಮಾನ ಹತ್ತಿಸ್ತಾರೆ, ನಾನು ಎಷ್ಟು ಜನರನ್ನು ಕಳಿಸ್ಲಿಲ್ಲ. ಆದರೆ ಮನೆ ನಿನ್ನದು ವಸಂತಿ. ನೀನು ಹೇಳು.”

ನನಗೆ ತಲೆ ಚಿಟ್ಟು ಹಿಡಿಯಿತು. ಒಬ್ಬ ಮುದುಕಿಯನ್ನು ಕರೆತರಲು ಬಂದವಳು ನಾನು. ನಿವೃತ್ತಿಯ ನಂತರವಾದರೂ ಬೆಳಿಗ್ಗೆ ತಡವಾಗಿ ಎದ್ದು, ಪೇಪರ್ ಓದಿ, ಯಾರ ಗೊಡವೆಯಿಲ್ಲದೆ ಇರಬೇಕೆಂದು ಎರಡು ಕೋಣೆಯ ಮನೆ ಕಟ್ಟಿಸಿಕೊಂಡವಳು. ಅದರಲ್ಲಿ ಬಸುರಿ, ಆಮೇಲೆ ಬಾಣಂತಿ, ಆಮೇಲೆ ಅಳುವ ಕೂಸು! “ನಿನಗೆ ಇನ್ನೂ ಸಾಕಾಗ್ಲಿಲ್ವಾ ಅಕ್ಕ? ನಿನ್ನ ಕಣ್ಣು ಕಾಣುದಿಲ್ಲ. ಮುಳ್ಳು ಯಾವುದು ಮೀನು ಯಾವುದು ಗೊತ್ತಾಗುದಿಲ್ಲ. ಕೂಸನ್ನು ಕಾಲ ಮೇಲೆ ಹಾಕಿ ಮೀಯಿಸ್ತೀಯಾ?” ಎಂದು ಕೂಗಾಡಿದೆ.

“ಕೂಸನ್ನು ಕಣ್ಣಿನಿಂದ ಮೀಯಿಸುದಲ್ಲ” ಎಂದಳು ಅಕ್ಕ. ಆದರೆ ದನಿ ಅಡಗಿತ್ತು. ಅವಳಿಗೂ ಹೆದರಿಕೆಯಿದೆ ಎಂದು ಆಗ ಗೊತ್ತಾಯಿತು.

ಅಡುಗೆಮನೆಗೆ ಹೋಗಿ ಚಾ ಮಾಡಿಕೊಂಡು ನಿಂತೇ ಕುಡಿದೆ. ಮರಳಿ ಬಂದಾಗ ಹುಡುಗಿಗೆ ಅಲ್ಲೇ ನಿದ್ದೆ ಹತ್ತಿತ್ತು. ಅಕ್ಕನ ಕಾಲು ಜೋಮು ಹಿಡಿದಿರಬೇಕು, ಮುಖ ಕಿವುಚಿಕೊಂಡಿದ್ದಳು, ಆದರೂ ಅಲುಗಾಡದೆ ಕೂತಿದ್ದಳು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಉಳಿದದ್ದು ಬರೇ ಸುಸ್ತು.

“ಮನೆಯಲ್ಲಿ ಎರಡೇ ಮಂಚ ಉಂಟು. ನಾನು ಚಾಪೆಯಲ್ಲಿ ಮಲಗುದಿಲ್ಲ, ಈಗಲೇ ಹೇಳಿದ್ದೇನೆ” ಎಂದೆ.

“ಚಾಪೆ ನನಗೆ” ಎಂದಳು ಅಕ್ಕ.

ಡಾಕ್ಟರು ಚೀಟಿ ಕೊಟ್ಟರು. ಹರೀಶ ರಜೆ ಹಾಕಿ ಟಿಕೆಟಿಗಾಗಿ ಓಡಾಡಿದ. ಬುಧವಾರ ಸಂಜೆ ವಿಮಾನ ನಿಲ್ದಾಣದಲ್ಲಿ ಒಂದು ಕಡೆ ಅವನು ಹೆಂಡತಿಯ ಕೈ ಬಿಡದೆ ನಿಂತಿದ್ದ, ಇನ್ನೊಂದು ಕಡೆ ದಿನೇಶ ತಾಯಿಯ ಕೈ ಹಿಡಿದಿದ್ದ. ನಲವತ್ತು ದಾಟಿದ ಗಂಡಸು, “ಅಮ್ಮ, ನಾನು ಬೇಕೂಂತ ಕಳಿಸುದಲ್ಲ” ಎಂದು ಮಗುವಿನ ಹಾಗೆ ಅತ್ತ. “ನನಗೆ ಗೊತ್ತುಂಟು ಮಗ. ಧೂಳು ಇರುವಾಗ ಕಿಟಕಿ ತೆರೀಬೇಡ” ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರಿರಲಿಲ್ಲ.

ವಿಮಾನ ಮೇಲೇರಿತು. ಕಿಟಕಿಯ ಸೀಟು ಅಕ್ಕನದು. ಗಾಜಿಗೆ ಹಣೆ ಒತ್ತಿ ಕೂತವಳು ಸ್ವಲ್ಪ ಹೊತ್ತಿನ ಮೇಲೆ, “ನನಗೆ ಬರೇ ಬೆಳ್ಳಗೆ ಕಾಣ್ತದೆ. ಎಂತ ಉಂಟು ಹೇಳು” ಎಂದಳು. ನಾನು ಅವಳ ಮೇಲಿಂದ ಬಾಗಿ ನೋಡಿ ಹೇಳಿದೆ. ತಿಳಿ ಹಸಿರು ನೀರು, ದ್ವೀಪದ ಅಂಚು, ರಸ್ತೆಯ ದೀಪ. ಆಮೇಲೆ ಸಮುದ್ರ.

“ಆಮೇಲೆ?”

“ಆಮೇಲೆ ಏನೂ ಇಲ್ಲ ಅಕ್ಕ. ಮುಗೀತು.”

ಅವಳು ಕಿಟಕಿಯ ಪರದೆ ಎಳೆದು, ಪ್ರತಿಮಾಳ ಬೆನ್ನಿಗೆ ದಿಂಬು ಸರಿ ಮಾಡಿದಳು.

ಬೊಂಬಾಯಿಯಲ್ಲಿ ದೊಡ್ಡ ನಿಲ್ದಾಣದಿಂದ ಸಣ್ಣ ನಿಲ್ದಾಣಕ್ಕೆ ಬದಲಿಸಿ, ಮಂಗಳೂರಿನ ವಿಮಾನಕ್ಕೆ ಬೆಳಗಿನ ತನಕ ಕಾಯಬೇಕಾಯಿತು. ಮೂವರಿಗೂ ಕಾಲು ಊದಿಕೊಂಡಿತ್ತು. ಬೆಳಿಗ್ಗೆ ಇಡ್ಲಿ ತಂದೆ, ಕಲ್ಲಿನ ಹಾಗಿತ್ತು. ಪ್ರತಿಮಾ ಮುಖ ತೊಳೆಯಲು ಹೋದಾಗ ಅಕ್ಕ ನನ್ನ ಪಕ್ಕಕ್ಕೆ ಸರಿದು, “ಒಂದು ವಿಷಯ ಹೇಳ್ತೇನೆ, ಅವಳಿಗೆ ಹೇಳ್ಬೇಡ. ಅವಳ ತಾಯಿಗೆ ಫೋನ್ ಮಾಡಿದ್ದೇನೆ, ಇಂಥ ವಿಮಾನದಲ್ಲಿ ಬರ್ತೇವೆ ಅಂತ” ಎಂದಳು.

“ಎಂತ ಹೇಳಿದ್ರು?”

“ಎಂತದೂ ಹೇಳ್ಲಿಲ್ಲ. ಫೋನ್ ಇಡಲೂ ಇಲ್ಲ.”

“ಅವರು ಬಂದರೆ?”

“ಬಂದರೆ ಕಳಿಸುದು. ಹೆತ್ತವಳಿದ್ದರೆ ನಾನು ಯಾರು?”

“ಬಾರದಿದ್ದರೆ?”

“ನಾನಿದ್ದೇನಲ್ಲ” ಎಂದಳು. ನಾನು ಅವಳ ಮುಖ ನೋಡಿದೆ. ಅವರು ಬರಲಿ ಎಂದು ಅವಳಿಗೆ ಆಸೆ, ಬಾರದಿರಲಿ ಎಂದೂ ಆಸೆ. ಎರಡೂ ಅದೇ ಮುಖದಲ್ಲಿದ್ದವು. ನಾನಂತೂ ಬರಲಿ ದೇವರೇ ಎಂದು ವಿಮಾನವಿಡೀ ಹೇಳಿಕೊಂಡೆ. ನನ್ನ ಮನೆಯ ನೆಮ್ಮದಿಗಾಗಿ ಹೇಳಿಕೊಂಡದ್ದು, ಸುಳ್ಳೇಕೆ?

ಮಂಗಳೂರಿನ ಬಜಪೆ ನಿಲ್ದಾಣದಲ್ಲಿ ಮೋಡ ಕವಿದಿತ್ತು. ಸಾಮಾನಿನ ಗಾಡಿ ತಳ್ಳಿಕೊಂಡು ಹೊರಗೆ ಬಂದೆವು. ಟ್ಯಾಕ್ಸಿಯವರು ಮುತ್ತಿಕೊಂಡರು. ಅವರ ಹಿಂದೆ, ಕಂಬದ ಹತ್ತಿರ, ಮಾಸಿದ ನೀಲಿ ಸೀರೆಯ ಹೆಂಗಸೊಬ್ಬರು ಮಡಚಿದ ಕೊಡೆ ಹಿಡಿದು ನಿಂತಿದ್ದರು. ಪ್ರತಿಮಾ ನಿಂತುಬಿಟ್ಟಳು. ಆ ಹೆಂಗಸು ಹತ್ತಿರ ಬಂದು, ಮಗಳ ಮುಖ ನೋಡಲಿಕ್ಕಾಗದೆ ಹೊಟ್ಟೆಯನ್ನೇ ನೋಡುತ್ತ, “ಎಷ್ಟು ಸಣಕಲಾಗಿದ್ದಿ. ತಿನ್ನುದಿಲ್ವಾ?” ಎಂದರು. ಅಷ್ಟೇ. ಪ್ರತಿಮಾ ಅವರ ಹೆಗಲಿಗೆ ಬಿದ್ದಳು. ಕೊಡೆ ನೆಲಕ್ಕೆ ಬಿತ್ತು, ಎತ್ತಿಕೊಟ್ಟವಳು ನಾನು.

ಅವರು ಅಕ್ಕನ ಎರಡೂ ಕೈ ಹಿಡಿದುಕೊಂಡರು. “ನೀವೇ ಅಲ್ವಾ ಫೋನ್ ಮಾಡಿದವರು? ಬಾಣಂತನಕ್ಕೆ ನೀವು ಬರ್ಬೇಕು, ಇವಳಿಗೆ ನೀವೇ ಅಮ್ಮ.”

“ಬೇಡ” ಎಂದಳು ಅಕ್ಕ. “ನೀವಿದ್ದೀರಿ. ಅವಳಿಗೆ ಅನ್ನ ಸೇರುದಿಲ್ಲ, ಗಂಜಿ ಮಾಡಿ ಕೊಡಿ. ಎಡಮಗ್ಗುಲಿಗೆ ಮಲಗಿಸಿ.” ಪ್ರತಿಮಾ ಕಾಲಿಗೆ ಬೀಳಲು ಬಂದಾಗ, “ಬಾಗ್ಬೇಡ, ಬಾಗ್ಬೇಡ” ಎಂದು ತಡೆದು, ಬೆನ್ನು ತಟ್ಟಿ ತಾಯಿಯ ಜೊತೆ ಬಾಡಿಗೆ ಕಾರಿಗೆ ಹತ್ತಿಸಿದಳು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಅದೇ ಕಡೆ ಮುಖ ಮಾಡಿ ನಿಂತಿದ್ದಳು. ಅವಳಿಗೆ ಅದು ಕಾಣುತ್ತಲೂ ಇರಲಿಲ್ಲ.

ನಾವಿಬ್ಬರು ಉಡುಪಿಗೆ ಟ್ಯಾಕ್ಸಿ ಮಾಡಿದೆವು. ಹಾರೈಸಿದ್ದು ಸಿಕ್ಕಿದ ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಪಡುಬಿದ್ರಿ ದಾಟಿದ ಮೇಲೆ ಅಕ್ಕ ಕೇಳಿದಳು, “ನಿನ್ನ ಮನೆಯಲ್ಲಿ ನನಗೆ ಎಂತ ಕೆಲಸ ಉಂಟು ವಸಂತಿ?”

“ಎಂತ ಕೆಲಸವೂ ಇಲ್ಲ ಅಕ್ಕ. ಆರಾಮ ಇರು.”

ಅವಳು ತಲೆಯಾಡಿಸಿದಳು. ನೋಡಿದರೆ ಅಳುತ್ತಿದ್ದಾಳೆ. ಶಬ್ದವಿಲ್ಲ, ಕೆನ್ನೆ ಮಾತ್ರ ಒದ್ದೆ. ಭಾವ ಹೋದಾಗ ಅವಳು ಅತ್ತದ್ದು ನಾನು ಕಂಡಿಲ್ಲ, ಮಗನನ್ನು ಬಿಟ್ಟು ಬರುವಾಗಲೂ ಅಳಲಿಲ್ಲ. ಆರಾಮ ಇರು ಎಂದದ್ದಕ್ಕೆ ಅಳುತ್ತಿದ್ದಳು.

ನಾನು ಅವಳ ಕೈ ಹಿಡಿದೆ. ಹಿಡಿದ ಮೇಲೆ ನನ್ನೊಳಗಿನದ್ದೂ ತಡೆಯಲಿಲ್ಲ.

“ಅಕ್ಕ, ನನಗೆ ಸಾಕಾಗಿ ಹೋಗಿದೆ. ಈ ಪ್ರಯಾಣದ್ದು ಮಾತ್ರ ಅಲ್ಲ. ಅಮ್ಮ ಸತ್ತ ಮೇಲೆ ನನ್ನ ಬೆನ್ನಿಗೆ ಎಣ್ಣೆ ಹಚ್ಚಿದವರು ಯಾರೂ ಇಲ್ಲ. ಊಟ ಆಯ್ತಾ ಅಂತ ಕೇಳಿದವರೂ ಇಲ್ಲ. ನಾಳೆ ನನಗೆ ಒಂದು ಸ್ನಾನ ಮಾಡಿಸ್ತೀಯಾ?”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಕಾಣದ ಕಣ್ಣಿನಿಂದ ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಕೈ ನನ್ನ ಹೆಗಲಿನಿಂದ ಬೆನ್ನಿಗೆ, ಬೆನ್ನಿನಿಂದ ಸೊಂಟಕ್ಕೆ ಇಳಿದು, ಎಲ್ಲೆಲ್ಲಿ ಗಂಟು ಕಟ್ಟಿದೆಯೆಂದು ಒತ್ತಿ ನೋಡಿತು.

“ಥೂ, ಎಂಥಾ ಬೆನ್ನು ಮಾರಾಯ್ತಿ ಇದು! ನಾಳೆಯಲ್ಲ, ಇವತ್ತೇ” ಎಂದವಳು ಮುಂದಕ್ಕೆ ಬಾಗಿ, ಎಳ್ಳೆಣ್ಣೆಯ ಅಂಗಡಿ ಕಂಡಲ್ಲಿ ನಿಲ್ಲಿಸಬೇಕೆಂದು ಡ್ರೈವರನಿಗೆ ಹೇಳಿದಳು.